ಡ್ಯುಯೋಡಿನಮ್ ಅಂದ್ರೆ ಗೇಣುದ್ದದ ಕರುಳು: ಹೊಟ್ಟೆ ರಿಪೋರ್ಟಿನ ಲ್ಯಾಟಿನ್ ಬಿಡಿಸಿ ಓದುವುದು ಹೇಗೆ

ಮಂಗಳೂರು, ದೇರಳಕಟ್ಟೆ, ಮಣಿಪಾಲ ಕಡೆ ಯಾವ ಬಸ್ಸು ಹತ್ತಿದರೂ ಫೈಲು ಹಿಡಿದು ಕೂತವರು ಒಬ್ಬರಾದರೂ ಸಿಗುತ್ತಾರೆ. ಒಂದೋ ಅದು ಸ್ಕ್ಯಾನ್, ಎಂಡೋಸ್ಕೋಪಿ ರಿಪೋರ್ಟಿನ ಫೈಲು, ಇಲ್ಲವಾದರೆ ನರ್ಸಿಂಗ್ ಓದುವ ಮಕ್ಕಳ ನೋಟ್ಸು. ಎರಡರಲ್ಲೂ ಇರುವುದು ಒಂದೇ ಜಾತಿಯ ಪದಗಳು. ಡ್ಯುಯೋಡಿನಮ್, ಜೆಜುನಮ್, ಸೀಕಮ್, ಪೈಲೋರಸ್. ರೋಗಿ ಅದನ್ನು ನೋಡಿ ಹೆದರುತ್ತಾರೆ, ಮಕ್ಕಳು ಸುಮ್ನೆ ಬಾಯಿಪಾಠ ಹೊಡೆಯುತ್ತಾರೆ. ಎರಡೂ ಬೇಡ ಮಾರಾಯ್ರೆ. ಬಿಡಿಸಿ ಓದುವ ಒಂದು ದಾರಿ ಉಂಟು, ಅದಕ್ಕೆ ಲ್ಯಾಟಿನ್ ಕಲಿತಿರಬೇಕು ಅಂತಿಲ್ಲ.

ಈ ಹೆಸರುಗಳನ್ನು ಇಟ್ಟವರು ಹೆಣ ಕೊಯ್ದು ನೋಡಿದವರು. ಕೈಗೆ ಸಿಕ್ಕಿದ್ದನ್ನು ಬೆರಳಲ್ಲಿ ಅಳೆದರು, ಕಣ್ಣಿಗೆ ಕಂಡದ್ದನ್ನು ತಮ್ಮ ಮನೆಮಾತಿನಲ್ಲಿ ಹೇಳಿದರು. ಖಾಲಿ ಇದ್ದದ್ದಕ್ಕೆ ಖಾಲಿ ಅಂದರು, ದಾರಿ ಇಲ್ಲದೆ ಮುಗಿದುಹೋದದ್ದಕ್ಕೆ ಕುರುಡು ಅಂದರು. ಹಾಗಾಗಿ ಹೊಸ ಹೆಸರು ಎದುರಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮೊದಲು ನೋಡಿದವನಿಗೆ ಎಂತ ಕಂಡಿತು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಿಗುವುದು ಪದದ ಅರ್ಥ ಮಾತ್ರ. ರಿಪೋರ್ಟಿನಲ್ಲಿ ಬರೆದದ್ದು ನಿಮ್ಮ ಆರೋಗ್ಯಕ್ಕೆ ಎಷ್ಟು ಮುಖ್ಯ, ಎಷ್ಟು ಅಲ್ಲ ಅನ್ನುವುದನ್ನು ಡಾಕ್ಟರ ಹತ್ತಿರವೇ ಕೇಳಿ.

ಮೊದಲು ಬಾಲ ಹಿಡಿಯಿರಿ

ತುಳುವಿನಲ್ಲಿ ಹೊಟ್ಟೆನೋವಿಗೆ ಬಂಜಿಬೇನೆ ಅನ್ನುತ್ತೇವೆ. ಬಂಜಿ ಅಂದರೆ ಹೊಟ್ಟೆ, ಬೇನೆ ಅಂದರೆ ನೋವು. ಡಾಕ್ಟರು ಅದನ್ನೇ ಗ್ಯಾಸ್ಟ್ರಾಲ್ಜಿಯಾ ಅಂತ ಬರೆದರೆ ಭಯ ಆಗುತ್ತದೆ. ಆದರೆ ಗ್ರೀಕಿನಲ್ಲಿ ಗ್ಯಾಸ್ಟರ್ ಅಂದರೆ ಹೊಟ್ಟೆ, ಆಲ್ಗೋಸ್ ಅಂದರೆ ನೋವು. ಅದೇ ಬಂಜಿ, ಅದೇ ಬೇನೆ, ಅದೇ ಕ್ರಮ.

ವೈದ್ಯಕೀಯದ ಉದ್ದ ಪದಗಳು ಹೆಚ್ಚಿನವು ಹೀಗೆಯೇ. ಮುಂದಿನ ತುಂಡು ಯಾವ ಅಂಗ ಅಂತ ಹೇಳುತ್ತದೆ, ಕೊನೆಯ ತುಂಡು ಅದಕ್ಕೆ ಎಂತ ಆಗಿದೆ ಅಥವಾ ಅದಕ್ಕೆ ಎಂತ ಮಾಡುತ್ತಾರೆ ಅಂತ ಹೇಳುತ್ತದೆ. ಹಾಗಾಗಿ ಓದುವಾಗ ಹಿಂದಿನಿಂದ ಶುರು ಮಾಡಿ. ಐಟಿಸ್ ಅಂತ ಮುಗಿದರೆ ಉರಿಯೂತ. ಸ್ಕೋಪಿ ಅಂತ ಮುಗಿದರೆ ನೋಡುವುದು. ಲಿಥಿಯಾಸಿಸ್ ಅಂದರೆ ಕಲ್ಲು. ರಿಯಾ ಅಂದರೆ ಹರಿಯುವುದು, ಡಯೇರಿಯಾದಲ್ಲಿ ಡಯಾ ಅಂದರೆ ಮೂಲಕ, ಒಟ್ಟಿಗೆ ಹೇಳಿದರೆ ಒಳಗಿಂದ ಹರಿದುಹೋಗುವುದು, ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಇಲ್ಲ ಅಲ್ವಾ.

ಎಲ್ಲರೂ ಎಡವುವುದು ಮೂರು ಬಾಲಗಳಲ್ಲಿ, ಕೇಳಲು ಮೂರೂ ಒಂದೇ ಥರ ಇವೆ. ಎಕ್ಟಮಿ, ಆಟಮಿ, ಆಸ್ಟಮಿ. ಟೋಮೆ ಅಂದರೆ ಕೊಯ್ತ. ಅದಕ್ಕಿಂತ ಮೊದಲು ಎಕ್ ಬಂದರೆ ಹೊರಗೆ, ಅಂದರೆ ಕೊಯ್ದು ತೆಗೆದುಹಾಕುವುದು. ಬರೀ ಆಟಮಿ ಅಂದರೆ ಕೊಯ್ದು ತೆರೆಯುವುದು, ಅಂಗ ಅಲ್ಲೇ ಇರುತ್ತದೆ. ಆಸ್ಟಮಿಯಲ್ಲಿ ಇರುವುದು ಬೇರೆಯೇ ಪದ, ಸ್ಟೋಮಾ, ಅಂದರೆ ಬಾಯಿ. ಹೊಸದಾಗಿ ಒಂದು ಬಾಯಿ ಮಾಡಿಕೊಡುವುದು. ಕೊಲೆಕ್ಟಮಿ ಅಂದರೆ ದೊಡ್ಡ ಕರುಳನ್ನು ಪೂರ್ತಿಯಾಗಿಯೋ ಸ್ವಲ್ಪವೋ ತೆಗೆಯುವುದು, ಕೊಲಾಸ್ಟಮಿ ಅಂದರೆ ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿಕೊಡುವುದು. ಒಂದೆರಡು ಅಕ್ಷರದ ವ್ಯತ್ಯಾಸದಲ್ಲಿ ಇಡೀ ಆಪರೇಷನ್ ಬದಲಾಗುತ್ತದೆ, ಹಾಗಾಗಿ ವಾರ್ಡಿನಲ್ಲಿ ಕೆಲಸ ಮಾಡುವವರು ಇದನ್ನು ಅಂದಾಜಿನಲ್ಲಿ ಓದಬಾರದು.

ಈಗ ಡ್ಯುಯೋಡಿನಮ್

ಒಜಿಡಿ ಸ್ಕೋಪಿ, ಅಂದರೆ ಬಾಯಿಂದ ಕೊಳವೆ ಹಾಕಿ ಅನ್ನನಾಳ, ಜಠರ, ಡ್ಯುಯೋಡಿನಮ್ ನೋಡುವ ಎಂಡೋಸ್ಕೋಪಿ. ಅದರ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ಈಸೊಫೇಗಸ್: ನಾರ್ಮಲ್. ಸ್ಟಮಕ್: ಆಂಟ್ರಲ್ ಗ್ಯಾಸ್ಟ್ರೈಟಿಸ್. ಡ್ಯುಯೋಡಿನಮ್: ಡಿ1, ಡಿ2 ನಾರ್ಮಲ್. ಕೊನೆಯ ಸಾಲಿನ ಪದವನ್ನು ಪೂರ್ತಿ ಬಿಡಿಸೋಣ. ಇದೊಂದು ಸರಿಯಾಗಿ ಬಿಡಿಸಿದರೆ ಉಳಿದವು ಹೇಗೆ ಹುಟ್ಟಿದವು ಅಂತ ತನ್ನಿಂದ ತಾನೇ ಗೊತ್ತಾಗುತ್ತದೆ.

ಮೊದಲು ಕೈಯಲ್ಲಿ ಮಾಡಿ ನೋಡಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳನ್ನು ಒತ್ತಾಗಿ ಸೇರಿಸಿ ಮೇಜಿನ ಮೇಲೆ ಅಡ್ಡವಾಗಿ ಇಡಿ. ಕಿರುಬೆರಳು ಮುಗಿದ ಜಾಗಕ್ಕೆ ತೋರುಬೆರಳು ತಾಗಿಸಿ ಇನ್ನೊಮ್ಮೆ. ಮತ್ತೊಮ್ಮೆ. ಒಟ್ಟು ಹನ್ನೆರಡು ಬೆರಳಿನ ಅಗಲ ಆಯಿತು. ಸ್ಕೇಲು ಇಟ್ಟರೆ ದೊಡ್ಡವರ ಕೈಯಲ್ಲಿ ಸುಮಾರು 22 ಸೆಂಟಿಮೀಟರ್ ಬರುತ್ತದೆ. ಈಗ ಅದೇ ಉದ್ದದ ಮೇಲೆ ಹೆಬ್ಬೆರಳಿನಿಂದ ಕಿರುಬೆರಳಿನ ತುದಿವರೆಗೆ ಕೈ ಅಗಲಿಸಿ ಇಡಿ. ಹೆಚ್ಚು ಕಡಿಮೆ ಒಂದು ಗೇಣು. ನಮ್ಮ ಹಳೇ ಲೆಕ್ಕದಲ್ಲೂ ಹನ್ನೆರಡು ಅಂಗುಲ ಸೇರಿದರೆ ಒಂದು ಗೇಣು, ಅಂಗುಲ ಅಂದರೆ ಬೆರಳಿನ ಅಗಲವೇ. ಇವತ್ತಿನ ಅನಾಟಮಿ ಪುಸ್ತಕ ಡ್ಯುಯೋಡಿನಮ್ಮಿನ ಉದ್ದ ಸುಮಾರು 25 ಸೆಂಟಿಮೀಟರ್ ಅನ್ನುತ್ತದೆ. ಬೆರಳಲ್ಲಿ ಅಳೆದವನ ಲೆಕ್ಕ ಇಷ್ಟು ಹತ್ತಿರ ಬಂದಿದೆ.

ಹಾಗೆ ಅಳೆದವನ ಹೆಸರು ಹೀರೋಫಿಲಸ್. ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಇದ್ದ ಗ್ರೀಕ್ ವೈದ್ಯ. ಮನುಷ್ಯರ ಹೆಣ ಕೊಯ್ದು ನೋಡುವ ಅವಕಾಶ ಅವನಿಗೆ ಸಿಕ್ಕಿತ್ತು, ಆ ಕಾಲದಲ್ಲಿ ಅದು ತೀರಾ ಅಪರೂಪ. ಜಠರ ಮುಗಿದು ಕರುಳು ಸುರುಳಿ ಸುತ್ತಲು ಶುರುವಾಗುವ ಮೊದಲಿನ ತುಂಡಿಗೆ ಅವನು ಕೊಟ್ಟ ಹೆಸರು ದೋದೆಕಾದಾಕ್ತುಲೋನ್. ದೋದೆಕಾ ಅಂದರೆ ಹನ್ನೆರಡು, ದಾಕ್ತುಲೋಸ್ ಅಂದರೆ ಬೆರಳು.

ಆಮೇಲೆ ಆ ಹೆಸರು ಊರೂರು ಸುತ್ತಿತು. ಗ್ರೀಕಿನಿಂದ ಅರಬ್ಬಿಗೆ ಹೋಯಿತು, ಅಲ್ಲೂ ಹನ್ನೆರಡು ಅಂತಲೇ ಕರೆದರು. 11ನೇ ಶತಮಾನದಲ್ಲಿ ಇಬ್ನ್ ಸೀನಾ ಬರೆದ ದೊಡ್ಡ ವೈದ್ಯಗ್ರಂಥವನ್ನು 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕೂತು ಕ್ರೆಮೋನಾದ ಗೆರಾರ್ಡ್ ಅನ್ನುವವನು ಲ್ಯಾಟಿನ್ನಿಗೆ ತಂದ. ಅವನು ಬರೆದದ್ದು ಇಂಟೆಸ್ಟಿನಮ್ ಡುವೋಡೇನಮ್ ಡಿಜಿಟೋರಮ್, ಹನ್ನೆರಡು ಬೆರಳಿನ ಕರುಳು. ಜನ ಪೂರ್ತಿ ಹೇಳಲು ಬೇಸರಪಟ್ಟು ಮುಂದಿನ ಕರುಳನ್ನೂ ಬಿಟ್ಟರು, ಹಿಂದಿನ ಬೆರಳನ್ನೂ ಬಿಟ್ಟರು. ಕೊನೆಗೆ ಉಳಿದದ್ದು ನಡುವಿನ ತುಂಡು ಮಾತ್ರ. ಅಂದರೆ ನಿಮ್ಮ ರಿಪೋರ್ಟಿನಲ್ಲಿ ಡ್ಯುಯೋಡಿನಮ್ ನಾರ್ಮಲ್ ಅಂತ ಇದ್ದರೆ, ಅಕ್ಷರಶಃ ಓದಿದರೆ, ಹನ್ನೆರಡು ನಾರ್ಮಲ್.

ಬಿಟ್ಟುಹೋದ ಬೆರಳು ಎಲ್ಲಿ ಹೋಯಿತು ಅಂತ ಕೇಳಿದರೆ, ನಿಮ್ಮ ಮೊಬೈಲಿನೊಳಗೆ ಉಂಟು. ಲ್ಯಾಟಿನ್ನಿನ ಡಿಜಿಟಸ್ ಅನ್ನುವ ಬೆರಳಿನಿಂದಲೇ ಅಂಕಿಗೆ ಡಿಜಿಟ್ ಅನ್ನುವ ಹೆಸರು ಬಂತು, ಎಣಿಸುವುದು ಬೆರಳಲ್ಲೇ ಅಲ್ವಾ, ಅದರಿಂದ ಡಿಜಿಟಲ್. ಇನ್ನು ಜರ್ಮನ್ನರು ಏನನ್ನೂ ಬಿಡಲಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರಲ್ಲ, ಅವರ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಈ ತುಂಡಿನ ಹೆಸರು ಹನ್ನೆರಡು-ಬೆರಳು-ಕರುಳು ಅಂತಲೇ, ಮೂರನ್ನೂ ಒಂದೇ ಪದವಾಗಿ ಅಂಟಿಸಿ ಬರೆಯುತ್ತಾರೆ.

ಪದ ನೆನಪಿಟ್ಟುಕೊಳ್ಳುವುದಕ್ಕೆ ನಮಗೆ ಇನ್ನೂ ಸುಲಭ. ಲ್ಯಾಟಿನ್ನಿನಲ್ಲಿ ಹನ್ನೆರಡಕ್ಕೆ ಡುವೋ-ಡೆಕಿಮ್, ಸಂಸ್ಕೃತದಲ್ಲಿ ದ್ವಾ-ದಶ. ಎರಡೂ ಒಂದೇ ಕುಟುಂಬದ ಪದಗಳು, ಎರಡು ಮತ್ತು ಹತ್ತು ಸೇರಿ ಆದವು. ಅಂಗಡಿಯಲ್ಲಿ ಡಜನ್ ಮೊಟ್ಟೆ ಕೇಳುತ್ತೇವಲ್ಲ, ಆ ಡಜನ್ ಕೂಡ ಇದೇ ಡುವೋಡೆಕಿಮ್, ಫ್ರೆಂಚಿನ ಮೂಲಕ ಸವೆದು ಬಂದದ್ದು. ಹಾಗಾಗಿ ದ್ವಾದಶಿ, ಡಜನ್, ಡ್ಯುಯೋಡಿನಮ್ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಪರೀಕ್ಷೆಯಲ್ಲಿ ಕೆಲವರು ಹನ್ನೆರಡು ಬೆರಳಿನ ಉದ್ದ ಅಂತ ಬರೆಯುತ್ತಾರೆ. ಉದ್ದ ಅಲ್ಲ, ಅಗಲ. ಹನ್ನೆರಡು ಬೆರಳನ್ನು ಉದ್ದಕ್ಕೆ ಜೋಡಿಸಿದರೆ ಮೀಟರಿನ ಹತ್ತಿರ ಹೋಗುತ್ತದೆ, ಅಷ್ಟು ಉದ್ದದ ಡ್ಯುಯೋಡಿನಮ್ ಯಾರಿಗೂ ಇಲ್ಲ.

ಡಿ1, ಡಿ2 ಅಂದರೆ ಎಂತ?

ಆ ಗೇಣುದ್ದದ ಕರುಳು ನೇರ ಇಲ್ಲ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿ ಪ್ಯಾಂಕ್ರಿಯಾಸಿನ, ಅಂದರೆ ಮೇದೋಜೀರಕ ಗ್ರಂಥಿಯ, ತಲೆಯನ್ನು ಸುತ್ತಿಕೊಂಡಿದೆ. ಬಾಗುವ ಜಾಗ ನೋಡಿ ನಾಲ್ಕು ಭಾಗ ಮಾಡಿದ್ದಾರೆ. ಡಿ1 ಸುಮಾರು 5 ಸೆಂಟಿಮೀಟರ್, ಡಿ2 ಏಳೂವರೆ, ಡಿ3 ಹತ್ತು, ಡಿ4 ಎರಡೂವರೆ. ಕೂಡಿಸಿ ನೋಡಿ, 25 ಬರುತ್ತದೆ. ಇಂಚಿನಲ್ಲಿ ಹೇಳಿದರೆ 2, 3, 4, 1. ಮಕ್ಕಳು ಇದನ್ನು ಫೋನ್ ನಂಬರಿನ ಹಾಗೆ ನೆನಪಿಟ್ಟುಕೊಳ್ಳುತ್ತಾರೆ, ಅದು ಒಳ್ಳೆಯ ಉಪಾಯವೇ.

ಡಿ1 ಜಠರದ ಬಾಗಿಲಿನ ಹೊರಗೇ ಇದೆ. ಜಠರದ ಆಮ್ಲ ಮೊದಲು ಬಂದು ಬೀಳುವುದು ಇಲ್ಲಿಗೆ, ಹಾಗಾಗಿ ಡ್ಯುಯೋಡಿನಮ್ಮಿನ ಹುಣ್ಣುಗಳು ಜಾಸ್ತಿ ಕಾಣುವುದೂ ಇಲ್ಲಿಯೇ. ಡಿ2 ಕೆಳಗೆ ಇಳಿಯುವ ಭಾಗ. ಪಿತ್ತರಸದ ನಾಳ ಮತ್ತು ಪ್ಯಾಂಕ್ರಿಯಾಸಿನ ನಾಳ ಬಂದು ಸೇರುವ ಚಿಕ್ಕ ಉಬ್ಬು ಇದರ ಒಳಗೋಡೆಯಲ್ಲಿದೆ. ಬಾಯಿಂದ ಹಾಕುವ ಮಾಮೂಲಿ ಎಂಡೋಸ್ಕೋಪಿ ಹೆಚ್ಚಾಗಿ ಡಿ2 ತನಕ ಹೋಗಿ ವಾಪಸ್ ಬರುತ್ತದೆ. ಡಿ3, ಡಿ4 ಬಗ್ಗೆ ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಇದನ್ನು ತಿಳಿದುಕೊಂಡರೆ ಸಾಕು.

ಆ ಉಬ್ಬಿಗೆ ವೇಟರ್ ಅನ್ನುವ ಹೆಸರು ಇದೆ. ಇದನ್ನು ಬಿಡಿಸಲು ಹೋಗಬೇಡಿ, ಹೋಟೆಲಿನ ವೇಟರ್ ಕೂಡ ಅಲ್ಲ. ಅಬ್ರಹಾಂ ವೇಟರ್ ಅನ್ನುವ ಜರ್ಮನ್ ಅನಾಟಮಿಸ್ಟ್ 1720ರಲ್ಲಿ ಅದನ್ನು ವರ್ಣಿಸಿದ, ಅವನ ಹೆಸರು ನಿಂತಿತು. ಅದೇ ಬಾಗಿಲನ್ನು ಮುಚ್ಚಿ ತೆರೆಯುವ ಸ್ನಾಯುವಿಗೆ ಓಡಿ ಹೆಸರು, ಇಟಲಿಯ ರುಜೆರೊ ಓಡಿ 1887ರಲ್ಲಿ ಅದರ ಬಗ್ಗೆ ಬರೆದವನು. ಬ್ರುನ್ನರ್ ಗ್ರಂಥಿ, ಟ್ರೈಟ್ಜ್ ಲಿಗಮೆಂಟ್ ಎಲ್ಲ ಇದೇ ಜಾತಿ. ಗುರುತು ಹಿಡಿಯುವುದು ಸುಲಭ: ಇಂಗ್ಲಿಷಿನಲ್ಲಿ ಸಾಲಿನ ನಡುವೆ ದೊಡ್ಡಕ್ಷರದಿಂದ ಶುರುವಾಗಿದ್ದರೆ ಅದು ಹೆಚ್ಚಾಗಿ ಮನುಷ್ಯನ ಹೆಸರು, ಅದರೊಳಗೆ ಅರ್ಥ ಹುಡುಕಬೇಡಿ.

ನಮ್ಮ ಆಯುರ್ವೇದದವರು ಈ ಜಾಗಕ್ಕೆ ಹೆಸರಿಟ್ಟ ರೀತಿ ಬೇರೆ. ಉಡುಪಿ ಕುತ್ಪಾಡಿಯ ಆಯುರ್ವೇದ ಕಾಲೇಜಿನ ಮಕ್ಕಳಿಗೆ ಗ್ರಹಣಿ ಅಂದರೆ ಗೊತ್ತಾಗುತ್ತದೆ. ಅನ್ನ ಅರಗುವ ತನಕ ಹಿಡಿದಿಟ್ಟುಕೊಳ್ಳುವ ಜಾಗ ಅದು, ಹಿಡಿಯುವುದರಿಂದ ಗ್ರಹಣಿ. ಇದನ್ನು ಹಲವರು ಡ್ಯುಯೋಡಿನಮ್ಮಿಗೆ ಹೊಂದಿಸಿ ಹೇಳುತ್ತಾರೆ. ಗ್ರೀಕ ಅಳತೆ ನೋಡಿದ, ನಮ್ಮವರು ಕೆಲಸ ನೋಡಿದರು. ಪಾಠಕ್ಕೆ ನನಗೆ ಇಷ್ಟವಾದದ್ದು ನಮ್ಮವರ ಹೆಸರು, ಆದರೆ ರಿಪೋರ್ಟಿನಲ್ಲಿ ಅದು ಬರುವುದಿಲ್ಲವಲ್ಲ.

ಹನ್ನೆರಡರ ನಂತರ ಉಪವಾಸ

ಡ್ಯುಯೋಡಿನಮ್ ಮುಗಿದ ಕೂಡಲೇ ಜೆಜುನಮ್. ಲ್ಯಾಟಿನ್ನಿನಲ್ಲಿ ಜೆಜುನಸ್ ಅಂದರೆ ಉಪವಾಸ ಇರುವವನು, ಖಾಲಿ ಹೊಟ್ಟೆಯವನು. ಕೊಯ್ದು ನೋಡಿದಾಗೆಲ್ಲ ಈ ತುಂಡು ಖಾಲಿ ಸಿಗುತ್ತಿತ್ತು. ಆಹಾರ ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಬೇಗ ಮುಂದೆ ಹೋಗುತ್ತದೆ. ಗ್ರೀಕರೂ ಇದನ್ನು ನೇಸ್ಟಿಸ್ ಅನ್ನುತ್ತಿದ್ದರು, ಅದೂ ಉಪವಾಸವೇ. ಅರ್ಥವನ್ನು ಹಾಗೇ ಲ್ಯಾಟಿನ್ನಿಗೆ ಎತ್ತಿಕೊಂಡರು.

ಮಂಗಳೂರಿನಲ್ಲಿ ಈ ಪದವನ್ನು ಅನಾಟಮಿ ಕ್ಲಾಸಿನ ಹೊರಗೆ ಕೇಳಿದವರು ಇದ್ದಾರೆ. 1960ರ ದಶಕದವರೆಗೆ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ತಪಸ್ಸು ಕಾಲದ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ, ಪ್ರಾರ್ಥನೆಯಲ್ಲಿ ಮೈಯ ಉಪವಾಸದ ಮಾತು ಬರುವಾಗ ಇದ್ದದ್ದು ಇದೇ ಪದ, ಉಚ್ಚಾರ ಮಾತ್ರ ಯೆಯೂನಿಯೊ ಅಂತ. ಹಿರಿಯರ ಹತ್ತಿರ ಕೇಳಿದರೆ ಕೆಲವರಿಗೆ ರಾಗ ಸಮೇತ ನೆನಪಿರಬಹುದು. ಫ್ರೆಂಚರ ಊಟದ ಹೆಸರು ದೇಜ್ಯೂನೆ ಕೂಡ ಇಲ್ಲಿಂದಲೇ, ಉಪವಾಸ ಬಿಡುವುದು ಅಂತ.

ಉಡುಪಿಯವರು ಕ್ರಮ ನೆನಪಿಟ್ಟುಕೊಳ್ಳಲು ಒಂದು ಉಪಾಯ. ಮಠದಲ್ಲಿ ಮೊದಲು ಏಕಾದಶಿ ಉಪವಾಸ, ಮರುದಿನ ದ್ವಾದಶಿ ಪಾರಣೆ. ಕರುಳಿನಲ್ಲಿ ಅದು ಉಲ್ಟಾ: ಮೊದಲು ದ್ವಾದಶಿ, ಆಮೇಲೆ ಉಪವಾಸ. ಉಲ್ಟಾ ಅನ್ನುವುದನ್ನು ಒಮ್ಮೆ ಹೇಳಿಕೊಂಡರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವ ಗೊಂದಲ ಹೋಗುತ್ತದೆ.

ಮೂರನೆಯದು ಇಲಿಯಮ್. ಗ್ರೀಕಿನ ಐಲೀನ್ ಅಂದರೆ ಸುತ್ತುವುದು, ಹೊರಳುವುದು. ಸುರುಳಿ ಸುರುಳಿಯಾಗಿ ಬಿದ್ದಿರುವುದರಿಂದ ಆ ಹೆಸರು. ಸಣ್ಣ ಕರುಳು ಒಟ್ಟು ಸುಮಾರು 6 ಮೀಟರ್, ಅದರಲ್ಲಿ ಇಲಿಯಮ್ಮಿನದ್ದೇ ದೊಡ್ಡ ಪಾಲು. ಜೆಜುನಮ್ ಎಲ್ಲಿ ಮುಗಿಯಿತು, ಇಲಿಯಮ್ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದ ಹಾಗೆ ತೋರಿಸಲು ಆಗುವುದಿಲ್ಲ. ಇಲ್ಲೊಂದು ಗುಂಡಿ ಉಂಟು ನೋಡಿ. ಸೊಂಟದ ಮೂಳೆಗೂ ಇಲಿಯಮ್ ಅಂತಲೇ ಹೆಸರು, ಕೇಳಲು ಒಂದೇ. ಆದರೆ ಅದರ ಮೂಲ ಬೇರೆ, ಲ್ಯಾಟಿನ್ನಿನಲ್ಲಿ ಪಕ್ಕೆಯ ಕೆಳಗಿನ ಭಾಗಕ್ಕೆ ಇಲಿಯಾ ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯುವಾಗ ಮೂರನೇ ಅಕ್ಷರ ಇ ಆದರೆ ಕರುಳು, ಐ ಆದರೆ ಮೂಳೆ. ಈಟ್ ಅನ್ನುವುದರ ಇ ಅಂತ ಇಟ್ಟುಕೊಳ್ಳಿ, ತಪ್ಪುವುದಿಲ್ಲ.

ಸಣ್ಣ ಕರುಳಿನ ಒಳಗೋಡೆಯಲ್ಲಿ ವಿಲ್ಲೈ ಇರುತ್ತವೆ, ಒಂದೇ ಇದ್ದರೆ ವಿಲ್ಲಸ್. ಲ್ಯಾಟಿನ್ನಿನಲ್ಲಿ ಪ್ರಾಣಿಯ ಜೂಲು ಜೂಲು ಕೂದಲು. ವೆಲ್ವೆಟ್ ಬಟ್ಟೆಯ ಹೆಸರೂ ಅದೇ ಪದದಿಂದ ಬಂದದ್ದು. ಬಯಾಪ್ಸಿ ರಿಪೋರ್ಟಿನಲ್ಲಿ ವಿಲ್ಲಸ್ ಅಟ್ರೋಫಿ ಅಂತ ಇದ್ದರೆ ಆ ಮಖಮಲ್ಲಿನ ಕೂದಲು ಸವೆದಿದೆ ಅಂತ ಅರ್ಥ.

ಸುಳ್ಳು ಹೇಳುವ ಹೆಸರುಗಳು

ಎಲ್ಲ ಹೆಸರನ್ನೂ ನಂಬಬೇಡಿ. ಕೆಲವು ದಾರಿ ತಪ್ಪಿಸುತ್ತವೆ, ಯಾಕೆ ತಪ್ಪಿಸುತ್ತವೆ ಅಂತ ಗೊತ್ತಾದರೆ ಅವೇ ಜಾಸ್ತಿ ನೆನಪಿರುತ್ತವೆ.

ದೊಡ್ಡ ಕರುಳಿನ ಕೊನೆಯ ತುಂಡು ರೆಕ್ಟಮ್ ನೋಡಿ. ಲ್ಯಾಟಿನ್ನಿನ ರೆಕ್ಟಸ್ ಅಂದರೆ ನೇರ, ರೆಕ್ಟ್ಯಾಂಗಲ್‌ನಲ್ಲಿ ಇರುವುದೂ ಅದೇ. ಆದರೆ ಮನುಷ್ಯನ ರೆಕ್ಟಮ್ ನೇರವಾಗಿಲ್ಲ, ಬೆನ್ನೆಲುಬಿನ ಕೆಳಗಿನ ಬಾಗಿಗೆ ಒರಗಿ ಅದೂ ಬಾಗಿದೆ. ಹಾಗಾದರೆ ನೇರ ಅಂದವರು ಯಾರು? 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಕೊಯ್ದದ್ದು ಹೆಚ್ಚಾಗಿ ಮಂಗ, ಹಂದಿಗಳನ್ನು. ಆ ಪ್ರಾಣಿಗಳಲ್ಲಿ ಅದು ನೇರವೇ. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನ ಮೈಗೆ ಹೆಸರಾಗಿ ನಿಂತಿತು, ಇವತ್ತಿಗೂ ಬದಲಾಗಲಿಲ್ಲ.

ಫಂಡಸ್ ಅಂದರೆ ತಳ. ಜಠರದ ಫಂಡಸ್ ಎಲ್ಲಿದೆ ಅಂದರೆ ಮೇಲುಗಡೆ, ಎಡಭಾಗದಲ್ಲಿ ಗುಮ್ಮಟದ ಹಾಗೆ ಎದ್ದಿರುವ ಜಾಗ, ಎಕ್ಸ್‌ರೇಯಲ್ಲಿ ಗಾಳಿ ತುಂಬಿ ಕಪ್ಪಗೆ ಕಾಣುವುದು ಅದೇ. ಟೊಳ್ಳಾದ ಅಂಗದಲ್ಲಿ ಬಾಗಿಲಿಗೆ ದೂರವಾದ ತುದಿಯನ್ನು ತಳ ಅನ್ನುವ ರೂಢಿ ಇತ್ತು, ಅದು ಮೇಲಿದ್ದರೂ ತಳವೇ. ಕಾರ್ಡಿಯಾ ಅಂದರೆ ಹೃದಯ, ಆದರೆ ಅನ್ನನಾಳ ಜಠರಕ್ಕೆ ಸೇರುವ ಜಾಗಕ್ಕೂ ಅದೇ ಹೆಸರು, ಹೃದಯದ ಹತ್ತಿರ ಇರುವುದರಿಂದ. ಕಾರ್ಡಿಯಾ ನಾರ್ಮಲ್ ಅಂತ ಎಂಡೋಸ್ಕೋಪಿ ರಿಪೋರ್ಟಿನಲ್ಲಿ ನೋಡಿ ಹಾರ್ಟ್ ಕೂಡ ಚೆಕ್ ಆಯಿತು ಅಂತ ಖುಷಿಪಡುವವರು ಇದ್ದಾರೆ, ಪಾಪ. ಸ್ಟಮಕ್ ಅನ್ನುವುದೇ ಮೊದಲು ಗಂಟಲಿನ ಹೆಸರು, ಸ್ಟೋಮಾ ಅನ್ನುವ ಬಾಯಿಯಿಂದ ಹುಟ್ಟಿದ್ದು, ಕಾಲಕ್ರಮೇಣ ಕೆಳಗೆ ಇಳಿದು ಹೊಟ್ಟೆಗೆ ಬಂತು.

ಸೀಕಮ್ ಮಾತ್ರ ಪ್ರಾಮಾಣಿಕ. ಸೀಕಸ್ ಅಂದರೆ ಕುರುಡು. ದೊಡ್ಡ ಕರುಳು ಶುರುವಾಗುವಲ್ಲಿ ಒಂದು ಕಡೆ ಮುಚ್ಚಿದ ಚೀಲ ಅದು. ಅದಕ್ಕೆ ನೇತುಬಿದ್ದದ್ದು ಅಪೆಂಡಿಕ್ಸ್, ಲ್ಯಾಟಿನ್ನಿನಲ್ಲಿ ಜೋಡಿಸಿ ನೇತುಹಾಕಿದ್ದು ಅಂತಲೇ ಅರ್ಥ, ಪುಸ್ತಕದ ಕೊನೆಯ ಅನುಬಂಧಕ್ಕೂ ಅದೇ ಹೆಸರು.

ಪೈಲೋರಸ್ ಅಂದರೆ ಗ್ರೀಕಿನಲ್ಲಿ ಬಾಗಿಲು ಕಾಯುವವನು. ಜಠರದಿಂದ ಡ್ಯುಯೋಡಿನಮ್ಮಿಗೆ ಸ್ವಲ್ಪ ಸ್ವಲ್ಪವೇ ಬಿಡುವ ಬಿಗಿಯಾದ ಬಾಗಿಲು. ಅದರ ಮೊದಲಿನ ಜಾಗ ಆಂಟ್ರಮ್, ಅಂದರೆ ಗವಿ. ಈಗ ಆಂಟ್ರಲ್ ಗ್ಯಾಸ್ಟ್ರೈಟಿಸ್ ಓದಿ: ಗವಿಯ ಕಡೆ, ಹೊಟ್ಟೆಯಲ್ಲಿ, ಉರಿಯೂತ. ಅಷ್ಟೇ.

ರಿಪೋರ್ಟಿನ ಕೊನೆಗೆ ಆರ್‌ಯುಟಿ ಅಂತ ಒಂದು ಸಾಲು ಇದ್ದರೆ ಅದು ಎಚ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯೋ ಅಂತ ನೋಡುವ ಪರೀಕ್ಷೆ. ಎಚ್ ಅಂದರೆ ಹೆಲಿಕೊಬ್ಯಾಕ್ಟರ್. ಹೆಲಿಕೊ ಅಂದರೆ ತಿರುಚಿದ್ದು, ಪೈಲೋರಿ ಅಂದರೆ ಪೈಲೋರಸ್ಸಿನ. ಬಾಗಿಲು ಕಾಯುವವನ ಹತ್ತಿರ ಇರುವ ತಿರುಚು ಬ್ಯಾಕ್ಟೀರಿಯಾ. ಹೊಟ್ಟೆಹುಣ್ಣಿಗೆ ಇದು ಕಾರಣ ಅಂತ ತೋರಿಸಿದ್ದಕ್ಕೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಹೆಸರಿನ ಕಥೆ ಇನ್ನೂ ಚಂದ. ಮೊದಲು ಅದನ್ನು ಪೈಲೋರಿಡಿಸ್ ಅಂತ ಬರೆದಿದ್ದರು. ಲ್ಯಾಟಿನ್ ವ್ಯಾಕರಣಕ್ಕೆ ಸರಿಹೊಂದುವುದಿಲ್ಲ ಅಂತ 1987ರಲ್ಲಿ ಪೈಲೋರಿ ಅಂತ ತಿದ್ದಿದರು. ವಿಭಕ್ತಿ ಪ್ರತ್ಯಯ ತಪ್ಪಿದ್ದಕ್ಕೆ ಬ್ಯಾಕ್ಟೀರಿಯಾದ ಹೆಸರು ಬದಲಾಯಿತು, ಕನ್ನಡ ಮೇಷ್ಟ್ರುಗಳು ಕೇಳಿದರೆ ಖುಷಿಪಡಬಹುದು.

ಎರಡು ಭಾಷೆಯ ಜಗಳ

ಅಂಗಕ್ಕೆ ಲ್ಯಾಟಿನ್ ಹೆಸರು, ಕಾಯಿಲೆಗೆ ಮತ್ತು ಆಪರೇಷನ್ನಿಗೆ ಗ್ರೀಕ್ ಹೆಸರು. ಇದು ನೂರಕ್ಕೆ ನೂರು ನಿಯಮ ಅಲ್ಲ, ಆದರೆ ತುಂಬಾ ಕಡೆ ನಡೆಯುತ್ತದೆ. ನಾಲಿಗೆ ಲ್ಯಾಟಿನ್ನಿನಲ್ಲಿ ಲಿಂಗ್ವಾ, ನಾಲಿಗೆ ಉರಿಯೂತ ಮಾತ್ರ ಗ್ಲಾಸೈಟಿಸ್. ಕರುಳು ಇಂಟೆಸ್ಟಿನಮ್, ಕರುಳಿನ ಉರಿಯೂತ ಎಂಟರೈಟಿಸ್. ಗುದ ಲ್ಯಾಟಿನ್ನಿನಲ್ಲಿ ಏನಸ್, ಅಂದರೆ ಉಂಗುರ, ಆ ಭಾಗವನ್ನು ನೋಡುವುದು ಪ್ರಾಕ್ಟೋಸ್ಕೋಪಿ. ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ ಅಂತ ತಲೆ ಕೆರೆದುಕೊಳ್ಳುವ ಬದಲು ನೋಟ್ಸಿನಲ್ಲಿ ಎರಡು ಕಾಲಂ ಹಾಕಿ, ಎಡಕ್ಕೆ ಅಂಗ, ಬಲಕ್ಕೆ ಕಾಯಿಲೆಯಲ್ಲಿ ಬರುವ ಹೆಸರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅನಾಟಮಿಯವರು ಸೇರಿ ಒಂದು ಅಂಗಕ್ಕೆ ಒಂದೇ ಹೆಸರು ಇರಲಿ ಅಂತ ಪಟ್ಟಿ ಮಾಡಿದರು, ನಮ್ಮ ಹಂಚಿನ ಕಾರ್ಖಾನೆ ಹಾಕಿದ ಬಾಸೆಲ್ ಮಿಶನ್ ಹುಟ್ಟಿದ ಅದೇ ಊರು. ಅಂಗದ ಪಟ್ಟಿ ಸರಿಯಾಯಿತು, ಕಾಯಿಲೆಯ ಕಾಲಂ ಹಾಗೇ ಉಳಿಯಿತು.

ಡೈಜೆಸ್ಟ್ ಅನ್ನುವ ಪದ ಲ್ಯಾಟಿನ್ನಿನ ಡಿಗೆರೆರೆ, ಬೇರೆ ಬೇರೆ ಮಾಡಿ ಹಂಚುವುದು. ನಮ್ಮ ಜೀರ್ಣ ಅಂದರೆ ಸವೆದದ್ದು, ಹಳತಾದದ್ದು. ದೇವಸ್ಥಾನದ ಎದುರು ಜೀರ್ಣೋದ್ಧಾರ ಸಮಿತಿ ಅಂತ ಬ್ಯಾನರ್ ಇರುತ್ತದಲ್ಲ, ಅದೇ ಜೀರ್ಣ. ಗೋಡೆ ಜೀರ್ಣವಾದರೆ ಚಂದಾ ಎತ್ತುತ್ತೇವೆ, ಕಡುಬು ಜೀರ್ಣವಾದರೆ ಇನ್ನೆರಡು ಹಾಕಿಸಿಕೊಳ್ಳುತ್ತೇವೆ.

ಕಣ್ಣಲ್ಲಿ ನೋಡಿ, ಆಮೇಲೆ ಅಭ್ಯಾಸ ಮಾಡಿ

ಚಿತ್ರ ನೋಡಿ ಸಾಕಾಗದಿದ್ದರೆ ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಹೋಗಿ. ವೈದ್ಯಕೀಯ ಓದದವರಿಗೂ ಟಿಕೆಟ್ ಕೊಟ್ಟು ಒಳಗೆ ಬಿಡುತ್ತಾರೆ. ಜಾರುಗಳಲ್ಲಿ ಇಟ್ಟ ಅಂಗಗಳು ಬಣ್ಣ ಹೋಗಿ ಬಿಳಚಿಕೊಂಡಿರುತ್ತವೆ, ಆದರೆ ಆಕಾರ ಸ್ಪಷ್ಟ ಗೊತ್ತಾಗುತ್ತದೆ. ಹೊಟ್ಟೆಯ ಭಾಗದ ಜಾರುಗಳ ಎದುರು ನಿಂತು ಮೊದಲು ಪ್ಯಾಂಕ್ರಿಯಾಸ್ ಹುಡುಕಿ, ಅದರ ತಲೆಗೆ ಅಂಟಿಕೊಂಡು ಬಾಗಿರುವ ಕೊಳವೆಯೇ ಡ್ಯುಯೋಡಿನಮ್. ಜೆಜುನಮ್, ಇಲಿಯಮ್ ಹೊಟ್ಟೆಯೊಳಗೆ ಸಡಿಲವಾಗಿ ನೇತಾಡುತ್ತವೆ, ಡ್ಯುಯೋಡಿನಮ್ಮಿನ ಹೆಚ್ಚಿನ ಭಾಗ ಹಿಂದಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಗಾಜಿನ ಹೊರಗಿಂದ ಗೇಣು ಹಿಡಿದು ಅಳೆಯಿರಿ, ಯಾರೂ ನಗುವುದಿಲ್ಲ.

ಉಚ್ಚಾರದ ಬಗ್ಗೆ ಜಗಳ ಬೇಡ. ಕೆಲವರು ಡ್ಯುಯೋಡೀನಮ್ ಅಂತ ನಡುವೆ ಎಳೆಯುತ್ತಾರೆ, ಕೆಲವರು ಡ್ಯುವಾಡಿನಮ್ ಅಂತ ಮೊದಲೇ ಒತ್ತುತ್ತಾರೆ. ಎರಡೂ ಚಲಾವಣೆಯಲ್ಲಿವೆ. ವೈವಾದಲ್ಲಿ ಎದುರು ಕೂತವರು ಹೇಗೆ ಹೇಳುತ್ತಾರೋ ಹಾಗೆ ಹೇಳಿ, ಅದೇ ಕ್ಷೇಮ.

ಈಗ ಉದ್ದದ ಒಂದು ಪದ ತೆಗೆದುಕೊಳ್ಳೋಣ. ಕೋಲೆಡೋಕೋಡ್ಯುಯೋಡಿನಾಸ್ಟಮಿ. ಹೆದರಬೇಡಿ, ಹಿಂದಿನಿಂದ ಬನ್ನಿ. ಆಸ್ಟಮಿ, ಬಾಯಿ ಮಾಡುವುದು. ಡ್ಯುಯೋಡಿನ, ಹನ್ನೆರಡು ಬೆರಳಿನ ಕರುಳು. ಡೋಕೋ, ಹಿಡಿದುಕೊಳ್ಳುವ ಪಾತ್ರೆ ಅಥವಾ ನಾಳ. ಕೋಲೆ, ಪಿತ್ತ. ಪಿತ್ತದ ನಾಳಕ್ಕೂ ಡ್ಯುಯೋಡಿನಮ್ಮಿಗೂ ನಡುವೆ ಹೊಸ ಬಾಯಿ ಮಾಡಿಕೊಡುವ ಆಪರೇಷನ್. ಹಳೇ ದಾರಿ ಕಟ್ಟಿಕೊಂಡಾಗ ಪಿತ್ತ ಕರುಳಿಗೆ ಇಳಿಯಲು ಇನ್ನೊಂದು ದಾರಿ.

ಇನ್ನೊಂದನ್ನು ನೀವೇ ಮಾಡಿ: ಕೋಲೆಸಿಸ್ಟೆಕ್ಟಮಿ. ಸಿಸ್ಟ್ ಅಂದರೆ ಚೀಲ, ಇಷ್ಟು ಮಾತ್ರ ಹೇಳುತ್ತೇನೆ, ಉಳಿದ ತುಂಡೆಲ್ಲ ಮೇಲೆಯೇ ಬಂದಿದೆ.